ಕಾಯಬೇಕೇ, ಕೊಳ್ಳಬೇಕೇ? ಗ್ರಾಫಿಕ್ಸ್ ಕಾರ್ಡ್ ಪೈಪೋಟಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಆರು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡ್ ಹೊಸ ಗೇಮ್‌ಗಳಿಗೆ ಸಾಲುತ್ತಿಲ್ಲ. ಎನ್‌ವಿಡಿಯಾ ಮತ್ತು ಎಎಂಡಿ ಹೊಸ ಕಾರ್ಡುಗಳನ್ನು ತರಲಿವೆ ಎಂಬ ಸುದ್ದಿ ಸದಾ ಹರಿದಾಡುತ್ತಲೇ ಇರುತ್ತದೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ಹಾಗಾದರೆ ಪೈಪೋಟಿ ಬಿರುಸಾಗಿ ಬೆಲೆ ಇಳಿಯುವವರೆಗೂ ಕಾಯುವುದು ಜಾಣತನವಲ್ಲವೇ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನೀವು ಹೇಳಿದ ಗಾದೆ ಈ ವ್ಯಾಪಾರದಲ್ಲಿ ಕೆಲವೊಮ್ಮೆ ಅಕ್ಷರಶಃ ನಿಜವಾಗಿದೆ. 2008ರ ಜೂನ್‌ನಲ್ಲಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 280 ಕಾರ್ಡನ್ನು 649 ಡಾಲರ್‌ಗೆ ಬಿಡುಗಡೆ ಮಾಡಿತು. ಅದೇ ತಿಂಗಳು ಎಎಂಡಿಯ ರೇಡಿಯಾನ್ ಎಚ್‌ಡಿ 4870 ಕೇವಲ 299 ಡಾಲರ್‌ಗೆ ಬಂದಾಗ, ಕೆಲವೇ ವಾರಗಳಲ್ಲಿ ಎನ್‌ವಿಡಿಯಾ ತನ್ನ ಕಾರ್ಡಿನ ಬೆಲೆಯನ್ನು 499 ಡಾಲರ್‌ಗೆ ಇಳಿಸಬೇಕಾಯಿತು. ಮೊದಲ ವಾರವೇ ಕೊಂಡವರು ಕೈ ಹಿಸುಕಿಕೊಂಡರು. 2019ರಲ್ಲಂತೂ ಎಎಂಡಿ 449 ಡಾಲರ್ ಎಂದು ಘೋಷಿಸಿದ್ದ ಆರ್‌ಎಕ್ಸ್ 5700 ಎಕ್ಸ್‌ಟಿಯ ಬೆಲೆ, ಎನ್‌ವಿಡಿಯಾದ ‘ಸೂಪರ್’ ಕಾರ್ಡುಗಳ ಸುದ್ದಿ ಹೊರಬಿದ್ದ ಮೇಲೆ, ಮಾರಾಟ ಆರಂಭವಾಗುವ ಎರಡು ದಿನ ಮೊದಲೇ 399 ಡಾಲರ್‌ಗೆ ಇಳಿಯಿತು.

ಆದರೆ 2020ರ ಕತೆಯನ್ನೂ ನೋಡಬೇಕು. ಆ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾದ 699 ಡಾಲರ್‌ನ ಆರ್‌ಟಿಎಕ್ಸ್ 3080 ಬಂದಿತು, ನವೆಂಬರ್‌ನಲ್ಲಿ ಎಎಂಡಿಯ 649 ಡಾಲರ್‌ನ ಆರ್‌ಎಕ್ಸ್ 6800 ಎಕ್ಸ್‌ಟಿ ಬಂದಿತು. ಅನೇಕ ಗೇಮ್‌ಗಳಲ್ಲಿ ಎರಡೂ ಸರಿಸಮಾನವಾಗಿದ್ದವು. ಬಹಳ ವರ್ಷಗಳ ನಂತರ ಮೇಲಿನ ಅಂತಸ್ತಿನಲ್ಲಿ ನಿಜವಾದ ಹೋರಾಟ ನಡೆದಿತ್ತು. ಆದರೂ ಕೊಳ್ಳುವವನಿಗೆ ಲಾಭವಾಗಲಿಲ್ಲ. ಚಿಪ್‌ಗಳ ಕೊರತೆಯ ಜೊತೆಗೆ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ (ಕಾರ್ಡುಗಳಿಂದ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದಕ್ಕೆ) ಕಾರ್ಡುಗಳನ್ನು ಸಗಟಾಗಿ ಕೊಳ್ಳುವವರು ಮುಗಿಬಿದ್ದು, 2021ರಲ್ಲಿ ಘೋಷಿತ ಬೆಲೆಯ ಎರಡು ಪಟ್ಟು ಕೊಟ್ಟರೂ ಕಾರ್ಡು ಸಿಗದ ಸ್ಥಿತಿ ಉಂಟಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ತನ್ನ ವಿಧಾನವನ್ನೇ ಬದಲಿಸಿದ ಮೇಲೆ ಆ ಗಣಿಗಾರಿಕೆ ನಿಂತಿತು.

ಹೀಗಾಗಿ ಜಗಳ ನಡೆದರಷ್ಟೇ ಸಾಲದು, ಅಂಗಡಿಯಲ್ಲಿ ಸರಕೂ ಇರಬೇಕು. ಈಗಿನ ಪೀಳಿಗೆಯಲ್ಲಿ ಎರಡೂ ಕಂಪನಿಗಳ ಚಿಪ್‌ಗಳು ತೈವಾನಿನ ಟಿಎಸ್‌ಎಂಸಿ ಎಂಬ ಒಂದೇ ಸಂಸ್ಥೆಯಲ್ಲಿ ತಯಾರಾಗುತ್ತವೆ, ಕೃತಕ ಬುದ್ಧಿಮತ್ತೆಯ ಚಿಪ್‌ಗಳೂ ಅಲ್ಲಿಯೇ ಸರದಿಯಲ್ಲಿ ನಿಂತಿರುತ್ತವೆ. 2025ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಎನ್‌ವಿಡಿಯಾದ ಒಟ್ಟು ವರಮಾನ ಸುಮಾರು 130 ಶತಕೋಟಿ ಡಾಲರ್. ಅದರಲ್ಲಿ ಗೇಮಿಂಗ್‌ನ ಪಾಲು ಸುಮಾರು 11 ಶತಕೋಟಿ ಮಾತ್ರ. ಮನೆಯ ಆದಾಯದ ಹತ್ತರಲ್ಲಿ ಒಂದು ಪಾಲೂ ತಾರದ ವ್ಯಾಪಾರಕ್ಕಾಗಿ ಬೆಲೆ ಇಳಿಸುವ ಆತುರ ಯಾರಿಗೂ ಇರುವುದಿಲ್ಲವೆಂದು ನನ್ನ ಅನಿಸಿಕೆ. ಬಿಡುಗಡೆಯ ದಿನಾಂಕ ಅಧಿಕೃತವಾಗಿ ಘೋಷಣೆಯಾಗಿ ತಿಂಗಳೊಪ್ಪತ್ತಿನಲ್ಲಿ ಬರುವಂತಿದ್ದರೆ ಖಂಡಿತ ಕಾಯಿರಿ. ಸೋರಿಕೆಯ ಸುದ್ದಿಯನ್ನಷ್ಟೇ ನಂಬಿ ಕಾಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಪ್ರಶ್ನೆ: 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು, 549 ಡಾಲರ್‌ನ ಆರ್‌ಟಿಎಕ್ಸ್ 5070 ಹಿಂದಿನ 4090ರಷ್ಟು ಸಮರ್ಥವೆಂದು ಹೇಳಿದ್ದರು. 1,599 ಡಾಲರ್‌ನ ಕಾರ್ಡಿಗೆ ಅದು ಹೇಗೆ ಸಮನಾದೀತು?
– ಓದುಗರು, ದಾವಣಗೆರೆ

ಉತ್ತರ: ಸಮನಾಗುವುದಿಲ್ಲ. ಆ ಹೋಲಿಕೆ ನಿಂತಿದ್ದುದು ಡಿಎಲ್‌ಎಸ್‌ಎಸ್ 4ರ ಮೇಲೆ. ಕಾರ್ಡು ನಿಜವಾಗಿ ಬಿಡಿಸಿದ ಎರಡು ಫ್ರೇಮ್‌ಗಳ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳ) ನಡುವೆ, ಕೃತಕ ಬುದ್ಧಿಮತ್ತೆ ಊಹಿಸಿ ರಚಿಸಿದ ಮೂರು ಫ್ರೇಮ್‌ಗಳವರೆಗೆ ಸೇರಿಸುವ ಸೌಲಭ್ಯ ಅದು; 4090ರಲ್ಲಿ ಹೀಗೆ ಸೇರಿಸಬಹುದಾದದ್ದು ಒಂದೇ ಒಂದು ಫ್ರೇಮ್. ಪರದೆಯ ಮೂಲೆಯಲ್ಲಿ ಕಾಣುವ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸಂಖ್ಯೆಯೇನೋ ಏರುತ್ತದೆ, ಚಲನೆಯೂ ನಯವಾಗಿ ಕಾಣುತ್ತದೆ. ಆದರೆ ನಡುವಿನ ಫ್ರೇಮನ್ನು ಊಹಿಸಬೇಕಾದರೆ ಮುಂದಿನ ನಿಜವಾದ ಫ್ರೇಮ್ ಸಿದ್ಧವಾಗುವವರೆಗೆ ಕಾಯಲೇಬೇಕಾದ್ದರಿಂದ, ಸೆಕೆಂಡಿಗೆ 30 ಫ್ರೇಮ್ ಬಿಡಿಸುವ ಗೇಮ್ 120 ಎಂದು ತೋರಿಸಿದರೂ, ನಿಮ್ಮ ಮೌಸ್ ಚಲನೆಗೆ ಅದು ಸ್ಪಂದಿಸುವುದು 30ರ ವೇಗದಲ್ಲಿಯೇ, ಅಥವಾ ಅದಕ್ಕಿಂತ ತುಸು ನಿಧಾನವಾಗಿ. ಈ ಸೌಲಭ್ಯವನ್ನು ಬದಿಗಿಟ್ಟು ಪರೀಕ್ಷಿಸಿದಾಗ 5070 ಹೆಚ್ಚುಕಡಿಮೆ ಹಿಂದಿನ 4070 ಸೂಪರ್ ಕಾರ್ಡಿನ ಆಸುಪಾಸಿನಲ್ಲಿಯೇ ನಿಂತಿತು. ಅದರ ಮೆಮೊರಿಯೂ 12 ಜಿಬಿ, 4090ರದು 24.

ಅದೇ ಮೇಳದಲ್ಲಿ ಎಎಂಡಿ ತನ್ನ ಮುಖ್ಯ ಭಾಷಣದಲ್ಲಿ ಹೊಸ ಕಾರ್ಡುಗಳ ಹೆಸರನ್ನೇ ಎತ್ತಲಿಲ್ಲ. ಎದುರಾಳಿಯ ಬೆಲೆ ತಿಳಿಯುವ ಮೊದಲು ತನ್ನ ಎಲೆಯನ್ನು ಬಿಚ್ಚಿಡಲು ಅದು ಹಿಂಜರಿಯಿತು ಎಂದೇ ನನಗೆ ತೋರುತ್ತದೆ. ಫೆಬ್ರುವರಿ 28ರಂದು ಬೆಲೆ ಪ್ರಕಟಿಸಿ, 5070 ಮಾರುಕಟ್ಟೆಗೆ ಬಂದ ಮರುದಿನ, ಅಂದರೆ ಮಾರ್ಚ್ 6ರಂದು, 16 ಜಿಬಿಯ ಆರ್‌ಎಕ್ಸ್ 9070 ಕಾರ್ಡನ್ನು ಅದೇ 549 ಡಾಲರ್‌ಗೆ, 9070 ಎಕ್ಸ್‌ಟಿಯನ್ನು 599ಕ್ಕೆ ಮಾರಾಟಕ್ಕೆ ತಂದಿತು. ಮೌನವೂ ಪೈಪೋಟಿಯ ಒಂದು ಪಟ್ಟು.

ಪ್ರಶ್ನೆ: ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿದರೆ ಬರುವ ಮೊತ್ತಕ್ಕೂ ನಮ್ಮ ಅಂಗಡಿಯವರು ಹೇಳುವ ಮೊತ್ತಕ್ಕೂ ಇಷ್ಟು ಅಂತರವೇಕೆ?
– ಗೃಹಿಣಿ (ಗೇಮ್ ಆಡುವವನು ಮಗ), ಮೈಸೂರು

ಉತ್ತರ: ಅಮೆರಿಕದ ಘೋಷಿತ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮಲ್ಲಿ ಶೇ 18ರ ಜಿಎಸ್‌ಟಿ ಸೇರಿಯೇ ಬೆಲೆ ಹೇಳುತ್ತಾರೆ. ಅದರ ಮೇಲೆ ಆಮದುದಾರ, ವಿತರಕ, ಅಂಗಡಿಕಾರ ಎಲ್ಲರ ಪಾಲೂ ಇರುತ್ತದೆ. 5070ಕ್ಕೆ ಎನ್‌ವಿಡಿಯಾ ಭಾರತದಲ್ಲಿ ಘೋಷಿಸಿದ ಆರಂಭಿಕ ಬೆಲೆ 59,000 ರೂಪಾಯಿ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಾದರೆ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿ, ಬಿಲ್ಲು ಮತ್ತು ವಾರಂಟಿ ಇಲ್ಲದೆ ಕೊಳ್ಳಬೇಡಿ.

ಪ್ರಶ್ನೆ: ಈ ಇಬ್ಬರ ನಡುವೆ ಇಂಟೆಲ್‌ಗೆ ಸ್ಥಾನವಿದೆಯೇ? ನನ್ನ ಕಂಪ್ಯೂಟರ್ ತುಸು ಹಳೆಯದು.
– ಓದುಗರು, ಧಾರವಾಡ

ಉತ್ತರ: ಕೆಳಗಿನ ದರ್ಜೆಯಲ್ಲಿ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಆರ್ಕ್ ಬಿ580 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದ್ದು, ಬೆಲೆ 249 ಡಾಲರ್ ಆಗಿತ್ತು. ಆದರೆ ಹಳೆಯ ಪ್ರೊಸೆಸರ್‌ನೊಂದಿಗೆ ಅದು ಸೊರಗುತ್ತದೆ, ಮದರ್‌ಬೋರ್ಡಿನಲ್ಲಿ ‘ರೀಸೈಜಬಲ್ ಬಾರ್’ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ) ಸೌಲಭ್ಯ ಇಲ್ಲದಿದ್ದರೆ ಇನ್ನಷ್ಟು. ಮೊದಲು ನಿಮ್ಮ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು ಆ ಆಯ್ಕೆ ಇದೆಯೇ ಎಂದು ನೋಡಿ. ಇಲ್ಲವಾದರೆ ಈ ಕಾರ್ಡು ನಿಮಗಲ್ಲ.