ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಧಾರಾವಾಹಿಯ ಅಭಿಮಾನಿ ಸಂಘದವರು ತಮ್ಮ ಶಾಖೆಯನ್ನು ‘ಹಡಗು’ ಅಂತ ಯಾಕೆ ಕರೆಯುತ್ತಾರೆ?

ಇದು 1974ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಶುರುವಾದ ಸ್ಟಾರ್‌ಫ್ಲೀಟ್ ಇಂಟರ್‌ನ್ಯಾಷನಲ್ ಅಭಿಮಾನಿ ಸಂಸ್ಥೆಯ ರೂಢಿ. ಧಾರಾವಾಹಿಯ ತಾರಾನೌಕಾಪಡೆಯನ್ನೇ ಅನುಕರಿಸಿ, ಊರೂರಿನ ಶಾಖೆಗೂ ಸಾಮಾನ್ಯವಾಗಿ ‘ಯುಎಸ್‌ಎಸ್’ ಎಂದು ಶುರುವಾಗುವ ಹೆಸರು, ಜೊತೆಗೆ ಧಾರಾವಾಹಿಯ ಮುಖ್ಯ ನೌಕೆ ಎಂಟರ್‌ಪ್ರೈಸ್‌ನ ಎನ್‌ಸಿಸಿ-1701 ಥರದ್ದೇ ಒಂದು ನಂಬರು. ಸಂಘ ಅಂದಮೇಲೆ ಅಧ್ಯಕ್ಷರು ಬೇಕಲ್ಲ, ಅಲ್ಲಿ ಅವರು ಕಮಾಂಡಿಂಗ್ ಆಫೀಸರ್! ಹೊಸ ಶಾಖೆ ಮೊದಲು ಬರೀ ‘ಶಟಲ್’, ಅಂದರೆ ಪುಟ್ಟ ನೌಕೆ. ಸಾಕಷ್ಟು ಜನ ಸೇರಿ ಕಾಲೂರಿದ ಮೇಲಷ್ಟೇ ಹಡಗಿನ ಪಟ್ಟ.

ಹುಡುಗಾಟ ಅನ್ನಿಸಬಹುದು. ಆದರೆ ಈ ಹೆಸರಿನ ಹುಚ್ಚು ನಾಸಾವನ್ನೂ ಬಿಟ್ಟಿಲ್ಲ. 1976ರಲ್ಲಿ ಅದರ ಮೊದಲ ಬಾಹ್ಯಾಕಾಶ ಶಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಅಂತ ಹೆಸರಿಡಬೇಕಿತ್ತು. ಅಭಿಮಾನಿಗಳಿಂದ ರಾಶಿ ರಾಶಿ ಪತ್ರ ಬಂದವು, ‘ಎಂಟರ್‌ಪ್ರೈಸ್’ ಆಯಿತು. ಅನಾವರಣದ ದಿನ ಧಾರಾವಾಹಿಯ ನಟರೂ ಬಂದು ನಿಂತಿದ್ದರು. ಪಾಪ, ಆ ಶಟಲ್ ಬಾಹ್ಯಾಕಾಶಕ್ಕೆ ಮಾತ್ರ ಹೋಗಲೇ ಇಲ್ಲ; ವಾತಾವರಣದೊಳಗಿನ ಹಾರಾಟ ಮತ್ತು ನೆಲದ ಮೇಲಿನ ಪರೀಕ್ಷೆಗಳಿಗಷ್ಟೇ ಬಳಕೆಯಾಯಿತು.