ಕಾರವಾರದ ಕಡಲಲ್ಲಿ, ಕಾಳಿ ಹೊಳೆಯಲ್ಲಿ ಈಜು ಕಲಿತ ಹುಡುಗಿ ವೈಯಕ್ತಿಕ ಮೆಡ್ಲೆಗೆ, ಅಂದರೆ ಒಬ್ಬರೇ ನಾಲ್ಕು ಶೈಲಿಗಳಲ್ಲಿ ಈಜುವ ಸ್ಪರ್ಧೆಗೆ, ಇಳಿದರೆ ಎಲ್ಲಿ ಎಚ್ಚರ ಬೇಕು?

ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್ ಮುಗಿಸಿ, ಎದೆ ಕೆಳಗಾಗಿ ಈಜುವ ಬ್ರೆಸ್ಟ್‌ಸ್ಟ್ರೋಕ್‌ಗೆ ಹೊರಳುವ ಗೋಡೆಯಲ್ಲಿ. ಮೆಡ್ಲೆಯ ಕ್ರಮ ಬಟರ್‌ಫ್ಲೈ, ಬ್ಯಾಕ್, ಬ್ರೆಸ್ಟ್, ಫ್ರೀಸ್ಟೈಲ್. 200 ಮೀಟರ್‌ನಲ್ಲಿ ತಲಾ 50. ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಪ್ರತಿ ಶೈಲಿಯನ್ನು ಅದರದೇ ನಿಯಮದಂತೆ ಮುಗಿಸಬೇಕು. ಹಾಗಾಗಿ ಅಂಗಾತ ಇರುವಾಗಲೇ ಗೋಡೆ ಮುಟ್ಟಬೇಕು. ಅದಕ್ಕೂ ಮುಂಚೆ ಎದೆ ಕೆಳಗಾಯಿತೋ, ಅನರ್ಹ. ಬರೀ ಬ್ಯಾಕ್‌ಸ್ಟ್ರೋಕ್ ಸ್ಪರ್ಧೆಯಲ್ಲಿ ತಿರುಗುವಾಗ ಮಗುಚಿಕೊಳ್ಳಲು ಅವಕಾಶವಿದೆ. ಆ ರೂಢಿಯೇ ಇಲ್ಲಿ ಕೈಕೊಡುವುದು.

ಹೊಳೆಯಲ್ಲಿ ಗೋಡೆಯೇ ಇಲ್ಲ. ಕೊಳದಲ್ಲಾದರೆ ಗೋಡೆಗೆ 5 ಮೀಟರ್ ಮುಂಚೆ ತಲೆಯ ಮೇಲೆ ಬಾವುಟಗಳ ಸಾಲಿರುತ್ತದೆ. ಅಲ್ಲಿಂದ ಗೋಡೆಗೆ ಎಷ್ಟು ಸಲ ಕೈ ಬೀಸಬೇಕೆಂದು ಎಣಿಸಿ ರೂಢಿಸಿಕೊಳ್ಳಲಿ. ಎಣಿಕೆಯನ್ನು ಬಟರ್‌ಫ್ಲೈ ಈಜಿ ದಣಿದ ಮೇಲೆಯೇ ಮಾಡಬೇಕು, ದಣಿದ ಕೈಗೆ ಒಂದು ಬೀಸು ಹೆಚ್ಚೇ ಬೇಕಾಗುತ್ತದೆ.