ಹೊಸ ಸ್ಟೀರಿಯೋದಲ್ಲಿ ಸೌಂಡೇ ಇಲ್ಲವೇ? ಮೊದಲು ನೀಲಿ-ಬಿಳಿ ವೈರ್ ನೋಡಿ

ನಮಸ್ಕಾರ ಸರ್. ಕಾರಿಗೆ ಹಾಕಿಸಿದ ಹೊಸ ಸ್ಟೀರಿಯೋ ಆನ್ ಆಗುತ್ತದೆ, ಆದರೆ ಕಾರಿನ ಜೊತೆಗೇ ಬಂದ ಕಂಪನಿ ಆಂಪ್ಲಿಫೈಯರ್ (ಸೌಂಡ್ ಹೆಚ್ಚಿಸುವ ಪೆಟ್ಟಿಗೆ, ಅಂದ್ರೆ ಆಂಪ್) ಇರುವುದರಿಂದ ಒಂದು ಸ್ಪೀಕರ್‌ನಲ್ಲೂ ಸೌಂಡ್ ಇಲ್ಲ, ಹಾಸನದ ಅಂಗಡಿಯವರು ಆಂಪ್ ತೆಗೆಯೋಣ ಅಂತಿದ್ದಾರೆ ಅಂತ ಕೇಳಿದ್ದೀರಿ. ಈಗಲೇ ಒಪ್ಪಬೇಡಿ.

ಆಂಪ್ ಕೆಟ್ಟಿರಲಿಕ್ಕಿಲ್ಲ, ಅದು ಎದ್ದೇ ಇಲ್ಲ ಅನಿಸುತ್ತದೆ. ಸ್ಟೀರಿಯೋ ಹಿಂದೆ ಸಾಮಾನ್ಯವಾಗಿ ನೀಲಿ-ಬಿಳಿ ಪಟ್ಟೆಯ ವೈರ್ ಇರುತ್ತದೆ, ಅಲ್ವಾ? ಅದು ರಿಮೋಟ್ ವೈರ್, ಅಂದ್ರೆ ಆಂಪ್‌ಗೆ ಆನ್ ಆಗು ಅಂತ ಹೇಳುವ ವೈರ್. ಸ್ಟೀರಿಯೋ ಆನ್ ಆದಾಗ ಅದರಲ್ಲಿ 12 ವೋಲ್ಟ್ ಬರಬೇಕು. ಮಲ್ಟಿಮೀಟರ್ ಇಟ್ಟು ನೋಡಿ. ನಿಮ್ಮ ಕಾರಿನ ವೈರಿಂಗ್ ಚಿತ್ರ ನೋಡಿಕೊಂಡು ಆ ರಿಮೋಟ್ ವೈರನ್ನು ಆಂಪ್‌ನ ಆನ್ ವೈರಿಗೆ ಸೇರಿಸಿ. ಜೋಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಸೌಂಡ್ ಬಂದು ಒಡೆದಂತೆ ಕೇಳಿಸಿದರೆ, ಆಂಪ್‌ಗೆ ಸಿಗ್ನಲ್ ಜಾಸ್ತಿ ಹೋಗುತ್ತಿರಬಹುದು. ಆಗ ಸ್ಪೀಕರ್ ವೈರ್ ಬದಲು ಸ್ಟೀರಿಯೋ ಹಿಂದಿನ ಆರ್‌ಸಿಎ ಔಟ್‌ಪುಟ್ (ಕಡಿಮೆ ಸಿಗ್ನಲ್ ಕೊಡುವ ದುಂಡು ಪಿನ್) ಬಳಸಿ. ಸ್ಪೀಕರ್ ನೆಗೆಟಿವ್ ವೈರನ್ನು ಕಾರಿನ ಲೋಹದ ಬಾಡಿಗೆ ಅರ್ತ್ ಮಾಡಲೇಬೇಡಿ, ಸ್ಟೀರಿಯೋ ಸುಟ್ಟುಹೋಗಬಹುದು.

ಆಂಪ್ ತೆಗೆಯಬೇಡಿ ಅಂದದ್ದಕ್ಕೆ ಕಾರಣ ಇದೆ. ಕೆಲವು ಕಂಪನಿ ಸ್ಪೀಕರ್‌ಗಳ ರೋಧ (ಕರೆಂಟಿಗೆ ಒಡ್ಡುವ ತಡೆ) 2 ಓಮ್ ಇರುತ್ತದೆ. ಹೆಚ್ಚಿನ ಸ್ಟೀರಿಯೋಗಳಿಗೆ ಕನಿಷ್ಠ 4 ಓಮ್ ಬೇಕು, ಆಂಪ್ ತೆಗೆದು ಅಂಥ ಸ್ಪೀಕರ್ ನೇರ ಜೋಡಿಸಿದರೆ ಸ್ಟೀರಿಯೋಗೆ ಹೊರೆ ಜಾಸ್ತಿ.

ಇನ್ನೊಂದು ಮಾತು. ನಮ್ಮ ಚಿಕ್ಕಮಗಳೂರು ಕಡೆಯ ಮಳೆಗೆ ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬೇಗ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿಸಿ. ಮೀಟರ್ ರೀಡಿಂಗ್ ಎಷ್ಟು ಬಂತು ಅಂತ ಬರೆಯಿರಿ, ಮುಂದೆ ನೋಡೋಣ.